ಮುಳ್ಳು ಬಿದ್ದರೆ ಗಾಡಿ ಬಂದ್

ಸಿಸ್ಟರ್ ಹೋದ ಸುದ್ದಿ ಬಂದಾಗ ನಾನು ಒಂದು ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದೆ. ಫೋನು ಮಾಡಿದವರು ಹುಮನಾಬಾದಿನಲ್ಲಿ ಅವರ ಪಕ್ಕದ ಮನೆಯವರು. "ಮುಂಜಾನಿ ಚಹಾ ಕುಡದು ಕುಂತಿದ್ರು ನೋಡ್ರಿ. ಕುಂತಲ್ಲೇ ಹೋಗ್ಯಾರ" ಎಂದರು. ಎಲ್ಲಿ ಕೂತಿದ್ದರು ಎಂದು ಕೇಳಿದೆ. "ಗಾಡ್ಯಾಗ್ರಿ" ಎಂದರು. ಓಡದ ಗಾಡಿಯಲ್ಲಿ ಕೂತು ಮುಂಜಾನೆಯ ಚಹಾ ಕುಡಿಯುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ನಾನು ಕೈಯಲ್ಲಿದ್ದ ಬೋಲ್ಟನ್ನು ಪೂರ್ತಿ ಬಿಗಿದು, ಕೈ ತೊಳೆದುಕೊಂಡು, ಮೋಟರ್ ಸೈಕಲ್ ಹೊರತೆಗೆದೆ. ಅರ್ಧ ಬಿಗಿದ ಬೋಲ್ಟ್ ಬಿಟ್ಟು ಹೋಗಿದ್ದರೆ ಅವರೇ ಎದ್ದು ಕೂತು ಬೈಯುತ್ತಿದ್ದರು.

ಅವರಿಗೂ ಒಂದು ಹೆಸರಿತ್ತು, ಇರಲೇಬೇಕಲ್ಲ. ನಾನು ಅದನ್ನು ಒಮ್ಮೆಯೂ ಬಾಯಲ್ಲಿ ಆಡಿದವನಲ್ಲ, ಇಲ್ಲಿ ಬರೆಯುವುದೂ ಇಲ್ಲ. ಮಂಠಾಳ, ಹುಲಸೂರ ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ನರ್ಸ್ ಆಗಿ ತಿರುಗಿ, ನಿವೃತ್ತಿಯಾದ ಮೇಲೆ ಹುಮನಾಬಾದಿನ ಗಂಡನ ಮನೆಯಲ್ಲಿ ನೆಲೆ ನಿಂತವರು. ಆ ಹಳ್ಳಿಗಳಲ್ಲಿ ಅರ್ಧ ಊರು ಹುಟ್ಟಿದ್ದೇ ಅವರ ಕೈಯಲ್ಲಿ. ಹಾಗಾಗಿ ಎಲ್ಲರಿಗೂ ಸಿಸ್ಟರ್. ನರ್ಸಮ್ಮ ಎಂದರೆ ಮೆತ್ತಗೆ ಮಾತಾಡುವವರು ಎಂದು ನೀವು ತಿಳಿದಿದ್ದರೆ ಅದನ್ನು ಈಗಲೇ ಮರೆತುಬಿಡಿ. ಅವರು ಗ್ಯಾರೇಜಿಗೆ ಬಂದರೆ ಎದುರಿನ ಪಂಕ್ಚರ್ ಅಂಗಡಿಯವನೂ ಬೀಡಿ ಆರಿಸುತ್ತಿದ್ದ.

ನನ್ನ ಗ್ಯಾರೇಜು ಇರುವುದು ಸಸ್ತಾಪುರ ಬಂಗ್ಲಾ ಎಂಬ ಕ್ರಾಸಿನಲ್ಲಿ, ಹೆದ್ದಾರಿ ಬಿಟ್ಟು ಕಲ್ಯಾಣ ಪಟ್ಟಣಕ್ಕೆ ತಿರುಗುವ ಕಡೆ. ಮೊದಲ ಸಲ ಅವರು ಬಸ್ಸಿನಲ್ಲಿ ಬಂದರು. ಇಳಿದವರೇ ಸೀದಾ ಬಂದು, ನಾನು ಕೆಲಸ ಮಾಡುತ್ತಿದ್ದ ಜೀಪಿನ ಪಕ್ಕ ನಿಂತು, ತುಸು ಹೊತ್ತು ನನ್ನ ಕೈಗಳನ್ನೇ ನೋಡಿದರು.

"ಕೈ ತೊಳಕೊಂಡು ಎಂಜಿನ್ ಮುಟ್ಟತಿ, ಛಲೋ ಆತು. ಹುಮನಾಬಾದನಾಗ ಒಬ್ರೂ ತೊಳಕೊಳ್ಳಾಂಗಿಲ್ಲ. ಹಳೀ ಗಾಡಿ ನೋಡ್ತಿ ಏನು ಮಿಸ್ತ್ರಿ?"

"ಎಷ್ಟು ಹಳೀದ್ರಿ?"

"ನನ್ನಷ್ಟು ಹಳೀದು. ಪ್ರೆಶರ್ ಬೀಳಾಕತ್ತದ. ನಂದಲ್ಲ, ಗಾಡೀದು."

ಮರುವಾರ ಗಾಡಿ ಬಂತು. ಕರಿ ಬಣ್ಣದ್ದು, ಗುಂಡು ಬೆನ್ನಿನದು, ಅಂಬಾಸಡರಿಗಿಂತ ಹಿಂದಿನ ಮಾದರಿ. ಅವರ ಗಂಡ ಅದನ್ನು ಹುಮನಾಬಾದ್–ಕಲ್ಯಾಣದ ನಡುವೆ ಟ್ಯಾಕ್ಸಿಯಾಗಿ ಓಡಿಸುತ್ತಿದ್ದರಂತೆ. ಗಂಡ ಹೋದ ಮೇಲೆ ಮೈದುನರು ಗಾಡಿಯನ್ನು ಗುಜರಿಗೆ ಹಾಕೋಣ ಎಂದಾಗ, "ಹಾಕ್ರಿ, ಮೊದಲ ನನ್ನ ಹಾಕ್ರಿ" ಎಂದರಂತೆ. ಆ ಮಾತು ಅಲ್ಲಿಗೇ ನಿಂತಿತು. ನಿವೃತ್ತಿಯಾದ ವರ್ಷ ಒಬ್ಬ ಬಸ್ ಡ್ರೈವರನ್ನು ಹಿಡಿದು ಹುಡಗಿ ಎಂಬ ಊರಿನ ದಾರಿಯಲ್ಲಿ ಗಾಡಿ ಕಲಿತರು. ಸೀಟಿನ ತುದಿಗೆ ಕೂತು, ಗದ್ದ ಮೇಲೆತ್ತಿ, ಸ್ಟೇರಿಂಗನ್ನು ಎದೆಗೆ ಹತ್ತಿರ ಹಿಡಿದು ನಡೆಸುತ್ತಿದ್ದರು. ಎಡಗೈಯ ತೋರುಬೆರಳು ಆಗಾಗ ಮುಂದಿನ ಹಲಗೆಯ ಮೇಲಿದ್ದ ಒಂದು ದುಂಡು ಗಾಜನ್ನು ಟಕ್ ಟಕ್ ಎಂದು ಬಡಿಯುತ್ತಿತ್ತು. ಅದು ಆಯಿಲ್ ಪ್ರೆಶರಿನ ಮೀಟರು.

ಈಗಿನ ಗಾಡಿಗಳಲ್ಲಿ ಆ ಮೀಟರೇ ಇಲ್ಲ. ಒಂದು ಕೆಂಪು ದೀಪ ಇಟ್ಟು ಕೈ ತೊಳೆದುಕೊಂಡಿದ್ದಾರೆ. ಅದು ಹೊತ್ತುವ ಹೊತ್ತಿಗೆ ಆಗಬಾರದ್ದು ಆಗಿರುತ್ತದೆ. ಹಳೆಯ ಗಾಡಿಯಲ್ಲಿ ಮುಳ್ಳು ಇರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು, ನೋಡುವ ಕಣ್ಣಿದ್ದವನಿಗೆ ಮೊದಲೇ ಹೇಳುತ್ತಿತ್ತು. ಇದನ್ನು ನಾನು ಗಿರಾಕಿಗಳಿಗೆ ಹೇಳಿದರೆ ನಗುತ್ತಾರೆ. ನಗಲಿ.

ಸಿಸ್ಟರಿಗೆ ಒಂದು ಚಟ. ಎಲ್ಲವನ್ನೂ ಮನುಷ್ಯನ ಮೈಗೆ ಹೋಲಿಸಬೇಕು. ಮುಳ್ಳು ಇಳಿದಿದೆ ಎಂದರೆ ಎದೆ ಸೋತಿದೆ, ಎದೆ ಎಂದರೆ ಪಂಪು, ಆದ್ದರಿಂದ ಪಂಪು ಬದಲಿಸು ಎಂದು ಹಠ ಹಿಡಿದರು. ನಾನು ಪಂಪು ಬಿಚ್ಚಿ, ಅಳತೆ ನೋಡಿ, ಸರಿಯಿದೆ ಎಂದೆ. ನಂಬಲಿಲ್ಲ. ಹೈದರಾಬಾದಿನಿಂದ ಯಾರ ಕಡೆಯಿಂದಲೋ ಬೇರೆ ಪಂಪು ತರಿಸಿ ಹಾಕಿಸಿದರು. ಮುಳ್ಳು ಇದ್ದಲ್ಲೇ ಇತ್ತು. ಆಗ ನಾನು ಅವರನ್ನು ಗ್ಯಾರೇಜಿನ ಹಿಂದೆ ಕರೆದುಕೊಂಡು ಹೋಗಿ, ಗಾಡಿ ತೊಳೆಯುವ ನೀರಿನ ಪೈಪನ್ನು ಕೈಗೆ ಕೊಟ್ಟೆ.

"ತುದಿಗೆ ಹೆಬ್ಬಟ್ಟು ಒತ್ತಿ ಹಿಡೀರಿ."

"ಹಿಡದೇನಿ. ಜೋರು ಹಾರಾಕತ್ತದ."

"ಈಗ ಸಡಲ ಬಿಡ್ರಿ."

"ನೀರು ಬರ್ತದ. ಜೋರಿಲ್ಲ."

"ಮೋಟರ್ ಅದೇ ಅದ್ರಿ. ಹೆಬ್ಬಟ್ಟು ಸಡಲಾತು, ಜೋರು ಹೋತು. ನಿಮ್ಮ ಎಂಜಿನ್ನಿನಾಗ ಬೇರಿಂಗೇ ಹೆಬ್ಬಟ್ಟು."

ಸೀರೆಯ ನಿರಿಗೆ ಪೂರ್ತಿ ತೊಯ್ದಿತ್ತು. ಪೈಪಿನ ತುದಿಗೆ ಇನ್ನೊಮ್ಮೆ ಹೆಬ್ಬಟ್ಟು ಒತ್ತಿ, ಸಡಲಿಸಿ ನೋಡಿದರು.

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಹೇಳೀನ್ರಿ. ನೀವು ಕೇಳಲಿಲ್ಲ."

"ಕೇಳಲಿಲ್ಲಂದ್ರ ಇನ್ನೊಮ್ಮಿ ಹೇಳಬೇಕು. ಬಸುರಿಗೆ ನಾ ಒಂದ ಸಲ ಹೇಳಿ ಬಿಟ್ಟು ಬರ್ತಿದ್ನೇನು?"

ತಪ್ಪು ಅವರದು, ಬೈಸಿಕೊಂಡದ್ದು ನಾನು. ಅವರ ಜೊತೆ ಯಾವಾಗಲೂ ಹೀಗೇ ಆಗುತ್ತಿತ್ತು. ಆದರೆ ಒಮ್ಮೆ ತಿಳಿದುಕೊಂಡರೆ ಮತ್ತೆ ಕೇಳುತ್ತಿರಲಿಲ್ಲ, ಮರುದಿನದಿಂದ ಊರಿಗೆಲ್ಲ ತಾವೇ ಹೇಳುತ್ತಿದ್ದರು. ಎಂಜಿನ್ನಿನ ಹೊಟ್ಟೆಯಲ್ಲಿ ತಿರುಗುವ ಕ್ರ್ಯಾಂಕಿಗೂ ಅದನ್ನು ಹಿಡಿದ ಬೇರಿಂಗಿಗೂ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಎಣ್ಣೆ ಒತ್ತಿಕೊಂಡು ನಿಂತಿರಬೇಕು, ಕಬ್ಬಿಣ ಕಬ್ಬಿಣವನ್ನು ಮುಟ್ಟಬಾರದು. ವಯಸ್ಸಾದಂತೆ ಸಂದು ಅಗಲವಾಗುತ್ತದೆ, ಎಣ್ಣೆ ಸಲೀಸಾಗಿ ಹೊರಗೆ ಜಾರುತ್ತದೆ, ಮುಳ್ಳು ಇಳಿಯುತ್ತದೆ. ಕಾದರೆ ಎಣ್ಣೆ ತೆಳ್ಳಗಾಗುತ್ತದೆ, ಆಗ ಇನ್ನೂ ಇಳಿಯುತ್ತದೆ. ಎಂಜಿನ್ ನಿಧಾನ ತಿರುಗಿದರೆ ಪಂಪೂ ನಿಧಾನ, ಆಗ ಮತ್ತೂ ಇಳಿಯುತ್ತದೆ. ಮುಂಜಾನೆ ತಣ್ಣಗಿರುವಾಗ ಮುಳ್ಳು ಮೇಲೆ ನಿಂತದ್ದನ್ನು ತೋರಿಸಿ ಬೀಗುವ ಡ್ರೈವರುಗಳಿಗೆ ಸಿಸ್ಟರ್, "ಆಟ ಆಡಿ ಬಂದ ಹುಡುಗನ ಪ್ರೆಶರ್ ನೋಡಬಾರದು, ಕುಂಡ್ರಿಸಿ ನೋಡಬೇಕು. ಗಾಡಿಗಿ ಉಲ್ಟಾ. ಓಡಿಸಿ, ಕಾಸಿ, ನಿಂದ್ರಿಸಿ ನೋಡು. ಆಗ ಖರೇ ಹೇಳ್ತದ" ಎನ್ನುತ್ತಿದ್ದರು. ಮುಳ್ಳು ಏರಲೆಂದು ಗಟ್ಟಿ ಎಣ್ಣೆ ಹಾಕಿಸುವವರನ್ನು ಕಂಡರಂತೂ ಮೈಯೆಲ್ಲ ಉರಿ. "ಮುಳ್ಳಿಗಿ ಔಷಧ ಕೊಡಾಕತ್ತಾರ, ಎಂಜಿನ್ನಿಗಿ ಅಲ್ಲ."

ಆ ಸಲ ನಾವು ಕ್ರ್ಯಾಂಕನ್ನು ಸೋಲಾಪುರಕ್ಕೆ ಕಳಿಸಿ ಸಾಣೆ ಹಿಡಿಸಿ, ದಪ್ಪ ಬೇರಿಂಗ್ ಹಾಕಿ ಕೂಡಿಸಿದೆವು. ಸಾಣೆಯವನು ಒಂದು ಮಾತು ಹೇಳಿ ಕಳಿಸಿದ್ದ: ಇದೇ ಕೊನೆ, ಇನ್ನೊಮ್ಮೆ ತಿಕ್ಕಲು ಲೋಹ ಉಳಿದಿಲ್ಲ, ಅದಕ್ಕಿಂತ ದಪ್ಪದ ಬೇರಿಂಗೂ ಸಿಗುವುದಿಲ್ಲ. ನಾನು ಅದನ್ನು ಸಿಸ್ಟರಿಗೆ ಹೇಳಿದೆ. ಈ ಸಲ ಎರಡೆರಡು ಬಾರಿ ಹೇಳಿದೆ. ಇನ್ನೊಂದು ಸಲ ಎಣ್ಣೆಯಿಲ್ಲದೆ ಓಡಿದರೆ ಗಾಡಿ ಮುಗಿಯಿತು. ಅವರು ಮೀಟರಿನ ಗಾಜಿನ ಮೇಲೆ, ಹತ್ತು ಎಂದು ಬರೆದ ಕಡೆ, ಕುಂಕುಮದ ಬೊಟ್ಟಿನಷ್ಟು ಕೆಂಪು ಉಗುರುಬಣ್ಣ ಹಚ್ಚಿದರು.

"ಮುಳ್ಳು ಇದರ ಕೆಳಗ ಬಿತ್ತಂದ್ರ ಗಾಡಿ ಬಂದ್. ಒಳಗ ಯಾರರೆ ಕುಂತಿರ್ಲಿ."

ಇದು ಅವರ ಕಾಯಿದೆ. ಎಣ್ಣೆಯ ಕಡ್ಡಿಯನ್ನು ಒರೆಸಲು ದವಾಖಾನೆಯಲ್ಲಿ ಗಾಯಕ್ಕೆ ಕಟ್ಟುವ ಬಿಳಿ ಬಟ್ಟೆ ತರುತ್ತಿದ್ದರು. ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ಮುಖ ನೋಡಿದ ಹಾಗೆ ನೋಡುತ್ತಿದ್ದರು. ಒಂದು ದಿನ ಹಳೆಯ ಸ್ಟೆತಾಸ್ಕೋಪು ತಂದು ಎಂಜಿನ್ನಿನ ಪಕ್ಕೆಗೆ ಇಟ್ಟು ಕೇಳತೊಡಗಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಾನೂ ಕಿವಿಗೆ ಹಾಕಿ ನೋಡಿದೆ. ಅದು ಈಗಲೂ ನನ್ನ ಗ್ಯಾರೇಜಿನ ಮೊಳೆಗೆ ನೇತಾಡುತ್ತಿದೆ. ವಾಪಸ್ ಕೇಳಿದಾಗಲೆಲ್ಲ ಏನೋ ಒಂದು ನೆಪ ಹೇಳುತ್ತಿದ್ದೆ, ಅವರೂ ಬೈದು ಸುಮ್ಮನಾಗುತ್ತಿದ್ದರು.

ಹಳೆಯ ಗಾಡಿ ಎಂದರೆ ಈಗ ಮದುವೆಯವರಿಗೆ ಹುಚ್ಚು. ಫೋಟೋದಲ್ಲಿ ಚೆಂದ ಕಾಣುತ್ತದಂತೆ. ಕಲ್ಯಾಣ, ಹುಮನಾಬಾದಿನ ಮದುವೆಗಳಿಗೆ ಸಿಸ್ಟರಿಗೆ ಕರೆ ಬರತೊಡಗಿತು. ಗಾಡಿ ಮಾತ್ರ ಕೊಡುತ್ತಿರಲಿಲ್ಲ, ತಾವೇ ನಡೆಸಬೇಕು. ಮದುಮಗನನ್ನು ಕೂರಿಸಿಕೊಂಡು ಬ್ಯಾಂಡಿನ ಹಿಂದೆ ಹೋಗುವ ಮೆರವಣಿಗೆಯಷ್ಟು ಹಳೆಯ ಎಂಜಿನ್ನಿಗೆ ಕೆಟ್ಟದ್ದು ಇನ್ನೊಂದಿಲ್ಲ. ಮೇ ತಿಂಗಳ ಬಿಸಿಲು, ಮೊದಲ ಗೇರು, ಮನುಷ್ಯ ನಡೆಯುವುದಕ್ಕಿಂತ ನಿಧಾನ, ನಾಲ್ಕು ಹೆಜ್ಜೆಗೊಮ್ಮೆ ಕುಣಿತ. ಗಾಳಿಯಿಲ್ಲ, ಓಟವಿಲ್ಲ, ಎಣ್ಣೆ ನೀರಾಗುತ್ತದೆ. ಕಲ್ಲುಬಂಡೆ ಹೇರಿಕೊಂಡು ಹೈದರಾಬಾದಿಗೆ ಹೋಗಿ ಬಾ ಎಂದರೆ ಆ ಎಂಜಿನ್ ಹೋಗಿ ಬರುತ್ತಿತ್ತು. ಮದುವೆ ಎಂದರೆ ಹೆದರಬೇಕು.

ಹುಮನಾಬಾದಿನ ಒಬ್ಬ ದೊಡ್ಡ ವ್ಯಾಪಾರಿಯ ಮಗನ ಮದುವೆ. ಬಜಾರಿನ ನಡುವೆ ಮುಳ್ಳು ಕೆಂಪು ಬೊಟ್ಟಿನ ಕೆಳಗೆ ಇಳಿಯಿತು. ಸಿಸ್ಟರ್ ಚಾವಿ ತಿರುವಿದರು. ಬ್ಯಾಂಡು ಮುಂದೆ ಹೋಯಿತು, ಗಾಡಿ ಅಲ್ಲೇ ಉಳಿಯಿತು. ಮದುಮಗನ ಸೋದರತ್ತೆ ಕಿಟಕಿಯ ಹತ್ತಿರ ಬಂದು, "ಮದಿಮಗ ಕುಂತ ಮ್ಯಾಲ ಗಾಡಿ ಬಂದ್ ಮಾಡ್ತಾರೇನ್ರಿ, ಅಪಶಕುನ" ಎಂದರು.

"ಎಂಜಿನ್ ಸುಟ್ಟು ಹೊಗಿ ಬಂದ್ರ ಶುಭಶಕುನ ಏನ್ರಿ? ಗೆಳ್ಯಾರು ಕುಣಿಯಾಕತ್ತಾರಲ, ಅವರು ಬಂದು ಹೆಗಲು ಹಚ್ಚಲಿ."

ಗೆಳೆಯರು ನೂಕಿದರು. ನಾಚಿಕೆಯಾಗಿ ಮದುಮಗನೂ ಇಳಿಯಲು ಹೋದ. "ನೀ ಕೂಡು. ನಾಳಿಂದ ನೂಕೋದು ಇದ್ದೇ ಅದ" ಎಂದರಂತೆ. ಆ ಗಂಡಹೆಂಡತಿ ಈಗ ಸುಖವಾಗಿದ್ದಾರೆ, ಅಪಶಕುನ ಎಂದ ಅತ್ತೆಯೇ ಮುಂದಿನ ಮದುವೆಗೂ ಸಿಸ್ಟರನ್ನೇ ಕರೆಸಿದರು.

ಇನ್ನು ಆ ಊರಿನ ಮಾತು. ಹೆಸರು ಬರೆಯುವುದಿಲ್ಲ, ಅದು ನನ್ನ ಹೆಂಡತಿಯ ತವರು. ಅಗಸಿ ಬಾಗಿಲು ದಾಟಿ ಒಳಗೆ ಹೊಕ್ಕರೆ ಒಂದೇ ದೊಡ್ಡ ಓಣಿ, ಅದರ ಮಧ್ಯದಲ್ಲಿ ನನ್ನ ಮಾವನ ಮನೆ. ಅಗಸಿಯ ಹೊರಗೆ ಬೌದ್ಧರಾದ ದಲಿತರ ಕೇರಿ. ಓಣಿಯ ಆ ತುದಿಗೆ, ಸ್ವಲ್ಪ ಏರಿನ ಮೇಲೆ, ಬುದ್ಧ ವಿಹಾರ. ಕೇರಿಯ ಮದುವೆ ಮೆರವಣಿಗೆಗಳು ವಿಹಾರಕ್ಕೆ ಹೋಗಬೇಕಾದರೆ ಊರನ್ನು ಸುತ್ತಿ, ಹೊಲದ ಬದುವಿನ ದಾರಿ ಹಿಡಿದು ಹೋಗುತ್ತಿದ್ದವು. ಒಳಗಿನಿಂದ ಬರಬೇಡಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಹಾಗೇ ನಡೆದುಬಂದಿತ್ತು. ಸಿಸ್ಟರೂ ಆ ಸಮಾಜದವರೇ. ಆ ಊರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದರು. ನನ್ನ ಹೆಂಡತಿಯ ತಮ್ಮ ಹುಟ್ಟಿದ್ದು ಅವರ ಕೈಯಲ್ಲಿ. ಹೆರಿಗೆಯ ಕೋಣೆಯವರೆಗೂ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಕೆಲಸ ಮುಗಿದ ಮೇಲೆ ಚಹಾ ಮಾತ್ರ ಅಂಗಳದಲ್ಲಿ, ಬೇರೆ ಇಟ್ಟ ಕಪ್ಪಿನಲ್ಲಿ. ಇದನ್ನು ನನಗೆ ಹೇಳಿದ್ದು ಸಿಸ್ಟರ್ ಅಲ್ಲ, ನನ್ನ ಹೆಂಡತಿ.

ಕೇರಿಯ ಒಬ್ಬ ಹುಡುಗನ ಮದುವೆ ಗೊತ್ತಾಯಿತು. ಅವನೂ ಸಿಸ್ಟರ್ ಕೈಯಲ್ಲಿ ಹುಟ್ಟಿದವನೇ, ಹುಮನಾಬಾದಿನ ಒಂದು ವರ್ಕ್‌ಶಾಪಿನಲ್ಲಿ ಹೊಸ ಕಾರುಗಳ ಮೆಕ್ಯಾನಿಕ್. ತಾನು ಒಳಗಿನ ಓಣಿಯಿಂದಲೇ ಹೋಗುತ್ತೇನೆ ಎಂದ. ವಾರಗಟ್ಟಲೆ ಮಾತುಕತೆ ನಡೆಯಿತು. ಹಿರಿಯರು ಕೂತರು, ಎದ್ದರು, ಮತ್ತೆ ಕೂತರು. ಕೊನೆಗೆ ಊರಿನ ಕಡೆಯಿಂದ ಒಂದು ಮಾತು ಬಂತು, ಅದನ್ನು ಆಡಿದ್ದು ನನ್ನ ಮಾವ: "ಹಾಯ್ದು ಹೋಗ್ರಿ. ಬ್ಯಾಂಡೂ ಬಾರಸ್ರಿ. ಖರೆ ಯಾರ ಮನಿ ಮುಂದೂ ಗಾಡಿ ನಿಂದರಬಾರದು." ಮುಂಜಾನೆ, ಮಂದಿ ಹೊಲಕ್ಕೆ ಹೋಗುವ ಮೊದಲೇ ಹಾಯ್ದು ಬಿಡಬೇಕು ಎಂದೂ ಆಯಿತು. ಕೇರಿಯವರು ಒಪ್ಪಿದರು. ಗಾಡಿ ನಿಲ್ಲಲಿ ಎಂದೇ ಕಾಯುತ್ತಿದ್ದ ಕೆಲವು ಹುಡುಗರೂ ಊರಲ್ಲಿದ್ದರು. ನಿಂತರೆ ಮಾತು ಮುರಿದಂತೆ, ಮುರಿದರೆ ಮುಂದೆ ಯಾರೂ ಆ ಓಣಿಯ ಹೆಸರೆತ್ತುವಂತಿಲ್ಲ.

ಬಾಡಿಗೆ ಗಾಡಿಯವರು ಒಬ್ಬೊಬ್ಬರೇ ಹಿಂದೆ ಸರಿದರು. ಗಾಜು ಒಡೆದರೆ ಯಾರು ಕೊಡುತ್ತಾರೆ ಎಂದರು. ಸಿಸ್ಟರ್ ಯಾರನ್ನೂ ಕೇಳಲಿಲ್ಲ. "ನನ್ನ ಗಾಡಿ ಅದಲ" ಎಂದರು. ನನಗೂ ಹುಕುಂ ಬಂತು. "ನೀ ಬರಬೇಕು ಮಿಸ್ತ್ರಿ. ಮಾವನ ಮನಿಗಿ ಬಂದಂಗೂ ಆತದ."

ಮದುವೆಯ ಮುಂಜಾನೆ ನಾನು ಕೇರಿಗೆ ಹೋದಾಗ ಗಾಡಿ ಆಗಲೇ ಬಂದು ನಿಂತಿತ್ತು. ಮೂತಿಯ ಮೇಲೆ ನೀಲಿ ರಿಬ್ಬನ್, ಒಳಗಿನ ಕನ್ನಡಿಗೆ ಸೇವಂತಿಗೆಯ ಹಾರ. ಸಿಸ್ಟರ್ ಒಳಗೆ ಕೂತು ಗಾಜು ಬಡಿಯುತ್ತಿದ್ದರು.

"ಹೆದ್ದಾರಿ ಮ್ಯಾಲ ಛಲೋ ಇತ್ತು. ಕಲ್ಯಾಣ ದಾಟಿದ ಮ್ಯಾಲ ಜರಾ ಜರಾ ಇಳಿಯಾಕತ್ತದ. ಯಾಕಂತ ತಿಳೀವಲ್ದು."

ಅಷ್ಟರಲ್ಲಿ ಮದುಮಗ ಬಂದ. ಹೊಸ ಕೋಟು, ಮುಖದ ತುಂಬ ನಗು. "ಮಿಸ್ತ್ರಿ ಅಣ್ಣಾ, ಎಂಜಿನ್ ಆವಾಜ್ ಹ್ಯಾಂಗ ಅದ ನೋಡ್ರಿ. ಮೊನ್ನಿ ಗಾಡಿ ತೊಳಿಯಾಕ ತಂದಾಗ ಹಳೀ ಆಯಿಲ್ ತಗದು ಹೊಸಾದು ಹಾಕೀನಿ. ಸಿಸ್ಟರಿಗಿ ಹೇಳಿದ್ದಿಲ್ಲ, ನನ್ನ ಕಡಿಂದ ಆಹೇರ, ಮದಿವಿ ಕಾಣಿಕಿ. ನಮ್ಮ ವರ್ಕ್‌ಶಾಪಿನಾಗ ಅದಕ್ಕಿಂತ ಮ್ಯಾಲಿಂದು ಇಲ್ಲ. ಒಳಗಿನ ಕಸ ಎಲ್ಲಾ ತೊಳದು ತಗೀತದ."

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹುಡುಗ ಕಲಿತದ್ದು ಹೊಸ ಎಂಜಿನ್ನುಗಳ ಮೇಲೆ. ಆ ಎಣ್ಣೆ ಹೊಸ ಗಾಡಿಗೆ ಅಮೃತವೇ. ಹಳೆಯ ಎಂಜಿನ್ನಿನ ತಳದಲ್ಲಿ ವರ್ಷಗಟ್ಟಲೆ ಕೂಡಿದ ಕಸವೆಲ್ಲ ಕೆಸರಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಕೂತಿದ್ದರೆ ಯಾರಿಗೂ ತೊಂದರೆಯಿಲ್ಲ. ತೊಳೆಯುವ ಎಣ್ಣೆ ಹಾಕಿದರೆ ಅದು ಎದ್ದು ಬಂದು ಪಂಪಿನ ಬಾಯಿಗಿರುವ ಜಾಳಿಗೆಗೆ ಮೆತ್ತುತ್ತದೆ. ಪಂಪಿಗೆ ಹೀರಲು ಎಣ್ಣೆಯೇ ಸಿಗುವುದಿಲ್ಲ. ಹುಮನಾಬಾದಿನಿಂದ ಇಲ್ಲಿಯವರೆಗೆ ಓಡಿದ್ದರಲ್ಲಿ ಆ ಕಸ ಎದ್ದಿತ್ತು.

"ಛಲೋ ಮಾಡಿದಿ ಬಾಳಾ" ಎಂದರು ಸಿಸ್ಟರ್. "ಹೋಗು, ಟೊಪಿಗಿ ಸರಿ ಮಾಡ್ಕೋ."

ಅವನು ಹೋದ ಮೇಲೆ ನಾನು ಹೇಳಿದೆ, "ಕೆಳಗಿನ ತೊಟ್ಟಿ ಬಿಚ್ಚಿ ಜಾಳಿಗಿ ತೊಳೀತೇನ್ರಿ. ಮಧ್ಯಾಹ್ನ ಆತದ."

"ಮಧ್ಯಾಹ್ನ ಅಂದ್ರ ಮಾತು ಮುರೀತದ."

"ಹಂಗ ಹೋದ್ರ ಎಂಜಿನ್ ಹೋತದ್ರಿ."

"ನೀ ಗಾಡಿ ಬಾಜೂ ನಡೀ" ಎಂದು ಗೇರು ಹಾಕಿದರು.

ಬ್ಯಾಂಡು ಶುರುವಾಯಿತು. ಅಗಸಿ ಹೊಕ್ಕೆವು. ಕಟ್ಟೆಗಳ ಮೇಲೆ, ಮಾಳಿಗೆಗಳ ಮೇಲೆ ಜನ. ಸಿಸ್ಟರ್ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಎಂಜಿನ್ನನ್ನು ಜೋರಾಗಿ ತಿರುಗಿಸುತ್ತ, ಗಾಡಿಯನ್ನು ಮಾತ್ರ ಇರುವೆಯ ಹಾಗೆ ಬಿಡುತ್ತಿದ್ದರು. ಪಂಪು ನಿಧಾನವಾಗಬಾರದು ಎಂದು. ಒಳ್ಳೆಯ ಉಪಾಯವೇ. ಹಿಟ್ಟಿನ ಗಿರಣಿಯವರೆಗೆ ನಡೆಯಿತು. ಗಿರಣಿ ದಾಟುತ್ತಿದ್ದಂತೆ ನನ್ನ ಕಿವಿಗೆ ಅದು ಬಿತ್ತು: ಒಳಗಿನಿಂದ ಕಟ್, ಕಟ್, ಕಟ್. ಬ್ಯಾಂಡಿನ ಗದ್ದಲದಲ್ಲಿ ಅದು ಕೇಳಿದ್ದು ಆ ಓಣಿಯಲ್ಲಿ ನಮ್ಮಿಬ್ಬರಿಗೇ. ನಾನು ಓಡಿ ಕಿಟಕಿ ಹಿಡಿದೆ.

"ಸಿಸ್ಟರ್, ಬಂದ್ ಮಾಡ್ರಿ. ಹುಡುಗುರು ನೂಕ್ತಾರ."

ಅವರು ಮುಂದೆಯೇ ನೋಡುತ್ತಿದ್ದರು. "ಈ ಓಣ್ಯಾಗ ನೂಕಿಸ್ಕೊಂಡು ಹೋಗಾಂಗಿಲ್ಲ."

ನಾನು ಮೀಟರಿನ ಕಡೆ ಕಣ್ಣು ಹಾಯಿಸಿದೆ. ಮೀಟರು ಕಾಣಲಿಲ್ಲ. ಕನ್ನಡಿಯಲ್ಲಿದ್ದ ಸೇವಂತಿಗೆಯ ಹಾರ ಈಗ ಅದರ ಮೇಲೆ ಇತ್ತು.

ನನ್ನ ಮಾವನ ಮನೆ ಬಂತು. ಮಾವ ಕಟ್ಟೆಯ ಮೇಲೆ ನಿಂತಿದ್ದರು, ಅತ್ತೆ ಬಾಗಿಲ ಹಿಂದೆ. ಸದ್ದು ಈಗ ಸುತ್ತಿಗೆಯ ಪೆಟ್ಟಿನಂತಿತ್ತು. ಪ್ರತಿ ಪೆಟ್ಟೂ ನನಗೆ ತಾಗುತ್ತಿತ್ತು, ಆ ಎಂಜಿನ್ ನಾನು ಕೈಯಾರೆ ಕೂಡಿಸಿದ್ದು. ಗಾಡಿ ನಿಲ್ಲಲಿಲ್ಲ. ಏರು ಹತ್ತಿತು. ವಿಹಾರದ ಅಂಗಳಕ್ಕೆ ಹೊಕ್ಕು, ಬೇವಿನ ಮರದ ನೆರಳಿಗೆ ಬಂದ ಮೇಲೆ ಸಿಸ್ಟರ್ ಚಾವಿ ತಿರುವಿದರು. ಆ ಎಂಜಿನ್ ಮತ್ತೆ ತಿರುಗಲಿಲ್ಲ. ಮದುಮಗ ಇಳಿದು ಅವರ ಕಾಲು ಮುಟ್ಟಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಸಿಸ್ಟರ್ ಅವನ ಕೋಟಿನ ಮೇಲೆ ಬಿದ್ದಿದ್ದ ಹೂವಿನ ಎಸಳು ತೆಗೆದರು.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ನನ್ನ ಗ್ಯಾರೇಜಿಗೆ ತಂದೆವು. ಬಿಚ್ಚಿದಾಗ ಎಲ್ಲ ಅಂದುಕೊಂಡ ಹಾಗೇ ಇತ್ತು. ಜಾಳಿಗೆಯ ತೂತುಗಳು ಕರಿ ಕೆಸರಿನಲ್ಲಿ ಮುಚ್ಚಿಹೋಗಿದ್ದವು. ಬೇರಿಂಗುಗಳು ತಾಮ್ರದವರೆಗೆ ಸವೆದಿದ್ದವು, ಒಂದು ತಿರುಗಿಯೇ ಹೋಗಿತ್ತು. ಕ್ರ್ಯಾಂಕು ಕಾದು ನೀಲಿಯಾಗಿತ್ತು. ಸಿಸ್ಟರ್ ಒಂದೊಂದನ್ನೂ ಕೈಗೆ ತೆಗೆದುಕೊಂಡು ಬಿಳಿ ಬಟ್ಟೆಯಲ್ಲಿ ಒರೆಸಿ ಸಾಲಾಗಿ ಇಟ್ಟರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಇಷ್ಟು ವರ್ಷ ದೊಡ್ಡ ದೊಡ್ಡವರ ಮದುವೆಯಲ್ಲಿ ನಡುಬೀದಿಯಲ್ಲಿ ಬಂದ್ ಮಾಡಿದವರು ಇವರೇ ಅಲ್ಲವೇ.

"ಮುಳ್ಳು ಬಿದ್ದದ್ದು ನೋಡಿದ್ರಿಲ್ಲೋ ನೀವು?"

"ಗಿರಣಿ ತನಕಾ ನೋಡೀನಿ. ಆಮ್ಯಾಲ ಹಾರ ಹಾಕೀನಿ."

"ಯಾಕ್ರಿ?"

"ನೋಡ್ಕೋತ ಕುಂತಿದ್ರ ಕೈ ತಾನೇ ಚಾವಿಗಿ ಹೋಗ್ತಿತ್ತು ಮಿಸ್ತ್ರಿ."

ನಾನು ಚಹಾ ತರಿಸಿದೆ, ಇಬ್ಬರೂ ಕುಡಿದೆವು.

ಹುಡುಗ ಮೆಕ್ಯಾನಿಕ್ ಅಲ್ಲವೇ, ಅವನಿಂದ ಮುಚ್ಚಿಡುವುದು ಆಗಲಿಲ್ಲ. ಒಂದು ದಿನ ಬಂದವನು ಜಾಳಿಗೆಯನ್ನು ಕೈಗೆತ್ತಿಕೊಂಡು ನೋಡಿ, ಅಲ್ಲೇ ಟೈರಿನ ಮೇಲೆ ಕುಸಿದು ಅತ್ತುಬಿಟ್ಟ. ಸಿಸ್ಟರ್ ಬೈದು ಎಬ್ಬಿಸಿದರು: "ಬಾಳಾ, ನೀ ಪ್ರೀತೀಲೆ ಹಾಕಿದಿ, ನಾ ತಿಳದು ಓಡಿಸೀನಿ. ಅಳೂದಿದ್ರ ನಾ ಅಳಬೇಕು." ಅವನು ಬೇರೆ ಕ್ರ್ಯಾಂಕಿಗಾಗಿ ಹೈದರಾಬಾದಿನ ಗುಜರಿಗಳನ್ನೆಲ್ಲ ಸುತ್ತಿದ, ಈಗಲೂ ಹುಡುಕುತ್ತಿದ್ದಾನೆ. ಸಿಕ್ಕಿಲ್ಲ. ಗಾಡಿ ಹುಮನಾಬಾದಿನ ಅವರ ಮನೆಯ ತಗಡಿನ ಕೆಳಗೆ ನಿಂತಿತು. ಅವರು ಮುಂಜಾನೆ ಒಳಗೆ ಕೂತು ಚಹಾ ಕುಡಿಯುವುದನ್ನು ನಾನೂ ನೋಡಿದ್ದೇನೆ. ಮಾತಾಡುತ್ತ ಮಾತಾಡುತ್ತ ತೋರುಬೆರಳು ಗಾಜನ್ನು ಬಡಿಯುತ್ತಿತ್ತು. ಅವರು ಹೋದ ದಿನ ನಾನೂ ಒಮ್ಮೆ ಬಡಿದು ನೋಡಿದೆ.

ಮೊನ್ನೆ ಹೆಂಡತಿಯನ್ನು ತವರಿಗೆ ಬಿಡಲು ಹೋಗಿದ್ದೆ. ಅಗಸಿಯಲ್ಲಿ ನನ್ನ ಮೋಟರ್ ಸೈಕಲ್ ಮುಂದೆ ಹೋಗಲಿಲ್ಲ, ಓಣಿಯ ತುಂಬ ಮಂದಿ. ಕೇರಿಯ ಮದುವೆ. ಈಗ ಎಲ್ಲ ಮದುವೆಗಳೂ ಇದೇ ದಾರಿಯಲ್ಲಿ ಬರುತ್ತವೆ ಎಂದು ಹೆಂಡತಿ ಹೇಳಿದಳು. ನಾವು ಇಳಿದು ಸಂದಿಯಲ್ಲಿ ನಡೆದುಕೊಂಡು ಹೋದೆವು. ಮಾವನ ಮನೆಯ ಮುಂದೆ ಬಿಳಿ ಬಣ್ಣದ ಒಂದು ಬಾಡಿಗೆ ಕಾರು ನಿಂತಿತ್ತು. ಯಾರಿಗೂ ಅವಸರವಿರಲಿಲ್ಲ. ಮದುಮಗನ ಗೆಳೆಯರು ಕುಣಿಯುತ್ತಿದ್ದರು, ನನ್ನ ಹೆಂಡತಿಯ ತಮ್ಮ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಡ್ರೈವರು ಎಂಜಿನ್ ಬಂದ್ ಮಾಡಿ, ಕೆಳಗಿಳಿದು, ಮದುಮಗನ ಸೋದರಮಾವನ ಜೊತೆ ಮಾವನ ಕಟ್ಟೆಯ ಮೇಲೆ ಕೂತಿದ್ದ. ಅತ್ತೆ ಇಬ್ಬರಿಗೂ ಚಹಾ ತಂದು ಕೊಟ್ಟರು, ನಾನು ಹೋದಾಗ ನನಗೆ ಕೊಡುವ ಕಪ್ಪಿನಲ್ಲೇ.